ಸೇಂದುರದ ಕಲ್ಲು, ಅಜ್ಜಿಯ ರಾಟೆ

ಸೆಪ್ಟೆಂಬರ್ 4, ಗುರುವಾರ. ಬೆಳಿಗ್ಗೆ 6.10

ಗುಳ್ಳೆ ಮತ್ತೆ ಎಡಕ್ಕೆ. ನಿನ್ನೆ ನಟ್ಟನಡುವೆ ನಿಲ್ಲಿಸಿ ಹೋಗಿದ್ದೆ. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಸುಳ್ಳು ಹೇಳುವುದಿಲ್ಲ ಅಂತ ಮೊಬೈಲ್ ಗ್ರೂಪಿನಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾದರೆ ನೆಲ ಸುಳ್ಳು ಹೇಳುತ್ತಿದೆ. ಕಬ್ಬಿಣ ಕಡೆಯುವ ನನ್ನ ಲೇತಿನ ಎಡಗಾಲಿನ ಕೆಳಗೆ ಇನ್ನೊಂದು ತಗಡಿನ ಚೂರು ತುರುಕಿದೆ. ಇದು ಒಂಬತ್ತನೆಯದು.

ಹಿತ್ತಲಿನಲ್ಲಿ ಅಪ್ಪ ಬಾವಿಗೆ ಹಗ್ಗ ಇಳಿಸುತ್ತಿದ್ದಾರೆ. ರಾಟೆ ಇಲ್ಲ. ಬರೀ ಕೈ, ಒದ್ದೆ ಧೋತರ. ಇವತ್ತು ದ್ವಾದಶಿ. ನಿನ್ನೆ ಇಡೀ ದಿನ ಅಜ್ಜಿ ಹನಿ ನೀರು ಮುಟ್ಟಿಲ್ಲ, ಮಡಿನೀರು ಬಂದ ಮೇಲೆಯೇ ಪಾರಣೆ. ಕೊಡ ಮೇಲೆ ಬರುವಷ್ಟರಲ್ಲಿ ಅಪ್ಪ ಮೂರು ಸಲ "ಶ್ರೀಹರಿ" ಅಂದರು. ಮೊದಲಿನ ಎರಡು ಭಕ್ತಿಯವು. ಮೂರನೆಯದು ಬೆನ್ನಿನದು.

ತಪ್ಪು ನನ್ನದು. ಶ್ರಾವಣದಲ್ಲಿ ರಾಟೆಯ ತೂತು ಸವೆದು ಸಿಕ್ಕಿಕೊಂಡಿತು. ಬೇಕಾಗಿದ್ದು ಒಂದು ಬುಶ್ — ತೂತಿನೊಳಗೆ ಕೂರುವ ಲೋಹದ ಬಳೆ, ಅಷ್ಟೇ. ಬಜಾರಿನ ಲೇತ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ನಾನು ಊಟಕ್ಕೆ ಕೂತವಳು ಎದ್ದು ನಿಂತು ಘೋಷಣೆ ಮಾಡಿದೆ — ನನ್ನ ಲೇತ್ ಇದೆ, ನಾನೇ ಮಾಡುತ್ತೇನೆ. ಅಜ್ಜಿ ರಾಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಇಟ್ಟಳು.

"ಪ್ರಮಿತಾನೇ ಮಾಡ್ಲಿ. ನಾ ಕಾಯ್ತೀನಿ."

ಅಜ್ಜಿಗೆ ಎಪ್ಪತ್ತೊಂಬತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ತನ್ನ ಎರಡು ಕೊಡ ನೀರು ತಾನೇ ಸೇದಿಕೊಂಡವಳು. ಮಗನ ಕೈಯಲ್ಲಿ ಸೇದಿಸಿಕೊಳ್ಳುವುದು ಅವಳಿಗೆ ಏಕಾದಶಿಗಿಂತ ದೊಡ್ಡ ಉಪವಾಸ. ಬಾಯಿಬಿಟ್ಟು ಹೇಳುವುದಿಲ್ಲ. ಕೊಡ ಇಳಿಸುವಾಗ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಾಳೆ.

ಅಪ್ಪ ನನಗೆ ಇವತ್ತು ಗಡುವು ಕೊಟ್ಟರು. "ನೀರು ತುಂಬೋ ಹಬ್ಬದ ತನಕಾ ನೋಡ್ತೀನಿ. ಅವತ್ತ ಮುಂಜಾನಿ ರಾಟಿ ತಿರಗಲಿಲ್ಲ ಅಂದ್ರ ಲಾಲಪ್ಪನ ಟ್ರ್ಯಾಕ್ಟರ್ ಕರಸ್ತೀನಿ."

ಲಾಲಪ್ಪ ಅಂದರೆ ಗುಜರಿ, ಲೇತ್ ಹೋದ ಹಾಗೆಯೇ. ಹಬ್ಬ ಅಂದರೆ ಅಕ್ಟೋಬರ್ 18. ನಲವತ್ತನಾಲ್ಕು ದಿನ. ಭಾಳ ಆಯಿತು.

ಸೆಪ್ಟೆಂಬರ್ 7, ರವಿವಾರ

ಗುಳ್ಳೆಯ ರಹಸ್ಯ ಸಿಕ್ಕಿತು!!

ಮಧ್ಯಾಹ್ನ ಪೂರ್ತಿ ಲೆವೆಲ್ ಮುಂದೆಯೇ ಕೂತಿದ್ದೆ. ನಾಲ್ಕಕ್ಕೆ ಕಲ್ಲಿನ ಖಣಿಯಲ್ಲಿ ಬ್ಲಾಸ್ಟ್. ಅಡುಗೆಮನೆಯ ಡಬ್ಬಿಗಳು ಗಲಗಲ. ಗುಳ್ಳೆ ಎಡಕ್ಕೆ ಸರಿದು ಕೂತಿತು. ಹುಟ್ಟಿದಾಗಿನಿಂದ ದಿನಾ ಕೇಳಿದ ಸದ್ದು. ಶಹಾಬಾದದಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ನಾನೂ ಅಷ್ಟೇ.

ಗ್ರೂಪಿಗೆ ಹಾಕಿದೆ. 'ಹಳೇ ಲೇತ್ ಬಳಗ' — ಮುನ್ನೂರ ಹನ್ನೆರಡು ಜನ, ಒಬ್ಬರ ಮುಖವನ್ನೂ ನೋಡಿಲ್ಲ, ಆದರೂ ಇವರೇ ನನ್ನ ಗುರುಗಳು. ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಹುಡುಗಿಯರಿಗೆ ಸಿಗುವುದು ರೆಕಾರ್ಡ್ ಬರೆಯುವ ಕೆಲಸ ಮಾತ್ರ. ಮೈಕ್ರಾನ್ ಮಾಮಾ ಅಂತ ಕೊಲ್ಹಾಪುರದವರು ಒಬ್ಬರು ಇದ್ದಾರೆ, ಗ್ರೂಪಿನ ಜಗದ್ಗುರು. ಉತ್ತರ ಕೊಟ್ಟರು: ಆರು ಅಡಿ ಅಗೆದು, ಕಾಂಕ್ರೀಟ್ ಹಾಕಿ, ಸುತ್ತ ಮರಳು ತುಂಬಿ, ಒಂದು ವರ್ಷ ಬಿಡಿ.

ನನ್ನ ಲೇತ್ ಇರುವುದು ಗೇಟಿನ ಪಕ್ಕದ ದನದ ಕೊಟ್ಟಿಗೆಯಲ್ಲಿ. ಸೋದರಮಾವ ರಘೂತ್ತಮ ಸೇಡಂನಲ್ಲಿ ಬಂದ್ ಬಿದ್ದ ಎಣ್ಣೆ ಗಿರಣಿಯನ್ನು ಗೋದಾಮಿಗೆ ಅಂತ ತೆಗೆದುಕೊಂಡಾಗ ಒಳಗೆ ಇದು ಸಿಕ್ಕಿತ್ತು. ಎಂಬತ್ತು ವರ್ಷದ ಇಂಗ್ಲಿಷ್ ಮಷೀನು, ಮೇಲೆ ಪಾರಿವಾಳಗಳ ಸಂಸಾರ. "ಒಯ್ತೀಯೇನ?" ಅಂದ. ಒಯ್ದೆ.

ಸಂಜೆ ಗೇಟಿನಲ್ಲಿ ಒಬ್ಬ ಮುದುಕರು ಸೈಕಲ್ ನಿಲ್ಲಿಸಿದರು. ಬಿಳಿ ಗಡ್ಡ, ಎಡ ಭುಜ ಸ್ವಲ್ಪ ಕೆಳಗೆ. ಲೇತನ್ನೇ ನೋಡುತ್ತಾ ನಿಂತರು. ಜಾತ್ರೆಯಲ್ಲಿ ಕಳೆದುಹೋದ ತಮ್ಮನನ್ನು ಕಂಡ ಹಾಗೆ.

"ಬೆಲ್ಟಿನ ಮಶೀನ್! ಯಾರ್ದು ಇದು?"

"ನಂದೇ, ಚಾಚಾ."

"ನಿಂದಾ?" ಒಳಗೆ ಬಂದರು. ಅಬ್ದುಲ್ ಮಜೀದ. ಬಂದ್ ಆದ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಲೇತ್ ನಡೆಸಿದ ಟರ್ನರ್. "ಏನ್ ಮಾಡಾಕತ್ತಿ ಬೇಟಾ ಇದರಾಗ?"

"ಲೆವೆಲ್ ಮಾಡ್ಲಿಕತ್ತೀನ್ರಿ."

"ಎಷ್ಟ ದಿನಾ ಆತು?"

"ಒಂದೂವರೆ ತಿಂಗಳು."

ಚಾಚಾ ಅವ್ವ ತಂದುಕೊಟ್ಟ ಚಹಾದ ಗ್ಲಾಸನ್ನು ಲೇತಿನ ಉದ್ದನೆಯ ಕಬ್ಬಿಣದ ಬೆಡ್ ಮೇಲೆ ಇಟ್ಟರು. ಅಂಚಿನ ತನಕ ತುಂಬಿತ್ತು. ನೋಡಿದರು.

"ಚೆಲ್ಲಲಿಲ್ಲ. ಲೆವೆಲ್ ಅದ. ಚಾಲೂ ಮಾಡು."

ಸೆಪ್ಟೆಂಬರ್ 10, ಬುಧವಾರ. ಸಂಜೆ

ಚಾಲೂ ಮಾಡಿದೆ.

ಬೆಲ್ಟು ಪಟಪಟ, ತುಂಡು ಹಿಡಿದು ತಿರುಗುವ ಚಕ್ ಗರ್ರ್... ಎಂಬತ್ತು ವರ್ಷದ ಹೃದಯ! ಅಜ್ಜಿಯನ್ನು ಕರೆದೆ. ದೂರದಿಂದಲೇ ಕೈ ಮುಗಿದಳು. ವಾಡಿಯಲ್ಲಿ ರಿವೈಂಡಿಂಗ್ ಮಾಡಿಸಿದ ಮೋಟಾರು ಬೆಚ್ಚಗಾಗಲೂ ಇಲ್ಲ.

ಕಬ್ಬಿಣದ ತುಂಡೊಂದರ ಮೇಲೆ ಮೊದಲ ಕಟ್. ಟೂಲ್ ಗಡಗಡ ನಡುಗಿತು. ಹೊರಗೆ ಬಂದದ್ದು ಬುಶ್ ಅಲ್ಲ, ಮೆಕ್ಕೆತೆನೆ.

ನೋಡಲು ಬಂದಿದ್ದ ಚಾಚಾ ಅದನ್ನು ತಿರುಗಿಸಿ ನೋಡಿ, "ಸುಟ್ಟು ನಿಂಬಿಹಣ್ಣ ಹಚ್ಚಿದ್ರ ತಿನ್ನಬಹುದು" ಅಂದರು.

ಆಮೇಲೆ ಸ್ಯಾಡಲ್ ಮೇಲೆ ಅಂಗೈ ಇಟ್ಟು ಒತ್ತಿದರು. ಟಕ್. ಇನ್ನೊಂದು ಮೂಲೆ ಒತ್ತಿದರು. ಟಕ್. ಕಾಲು ಗಿಡ್ಡವಾದ ಕುರ್ಚಿಯ ಹಾಗೆ.

ಅಜ್ಜಿ ಕೇಳಿದಳು, "ಅದೇನ ಸ್ಯಾಡಲ್ಲು?"

"ಬೆಡ್ ಮ್ಯಾಲ ಓಡಾಡೋ ಕುರ್ಚಿ, ಅಜ್ಜಿ. ಕೊರಿಯೋ ಉಳಿ ಅದರ ಮ್ಯಾಲ ಕೂತಿರತದ. ಕುರ್ಚಿ ಅಲ್ಲಾಡಿದ್ರ ಉಳಿ ಅಲ್ಲಾಡತದ."

"ಮತ್ತ ಕುರ್ಚಿ ಕಾಲು ಸರಿ ಮಾಡು. ಇಷ್ಟ ದಿನಾ ನೆಲಾ ಯಾಕ ಸರಿ ಮಾಡ್ಲಿಕತ್ತಿದ್ದಿ?"

ಈ ಪ್ರಶ್ನೆಯನ್ನು ಗ್ರೂಪಿನಲ್ಲಿ ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಸ್ಕ್ರೇಪಿಂಗ್, ಅಂದರೆ ಕೆರೆದು ಸಪಾಟ ಮಾಡುವುದರ ಬಗ್ಗೆ ಗ್ರೂಪಿನ ಒಂದು ಥ್ರೆಡ್ ಪೂರ್ತಿ ಓದಿದೆ. ನಾನೂರು ಮೆಸೇಜು. ಅರ್ಧ ಜಗಳ, ಕಾಲು ಭಾಗ ಗುಡ್ ಮಾರ್ನಿಂಗ್.

ಸಾರಾಂಶ: ಪಕ್ಕಾ ಸಪಾಟಾದ ಒಂದು ಕಲ್ಲು ಬೇಕು. ಅದಕ್ಕೆ ತೆಳ್ಳಗೆ ಬಣ್ಣ ಸವರಬೇಕು. ಸ್ಯಾಡಲ್‌ನ ತಳವನ್ನು ಅದರ ಮೇಲೆ ಉಜ್ಜಬೇಕು. ಉಬ್ಬಿದ ಜಾಗಕ್ಕೆ ಬಣ್ಣ ಹತ್ತುತ್ತದೆ. ಅಷ್ಟನ್ನೇ ಕೆರೆಯಬೇಕು. ಮತ್ತೆ ಉಜ್ಜು, ಮತ್ತೆ ಕೆರೆ. ತಳ ಪೂರ್ತಿ ಚುಕ್ಕೆ ಚುಕ್ಕೆಯಾಗಿ ಬಣ್ಣ ಹತ್ತಿದರೆ ಮುಗಿಯಿತು.

ಕೊಂಡುಕೊಳ್ಳುವ ಅಳತೆಕಲ್ಲು ಇಲ್ಲೆಲ್ಲೂ ಸಿಗುವುದಿಲ್ಲ. ಆದರೆ ಊರು ಶಹಾಬಾದ! ದೇಶಕ್ಕೆಲ್ಲ ನೆಲಕ್ಕೆ ಹಾಸುವ ಫರ್ಸಿ ಕಳಿಸುವ ಊರಿನಲ್ಲಿ ಕಲ್ಲಿಗೆ ಬರವೇ? ಪಾಲಿಶ್ ಘಟಕದ ಮಲ್ಲು ನನ್ನ ಜೊತೆ ಹೈಸ್ಕೂಲಿನಲ್ಲಿದ್ದವನು. ಮೂರು ಫರ್ಸಿ ಕೊಟ್ಟ.

"ಮೂರ್ ಯಾಕವ್ವಾ? ನೆಲಕ್ಕ ಹಾಕಸ್ತೀಯೇನ?"

"ಒಂದಕ್ಕೊಂದು ಉಜ್ಜಲಿಕ್ಕೆ. ಎರಡೇ ಆದ್ರ ಒಂದು ಉಬ್ಬಿ ಒಂದು ತಗ್ಗಾಗಬಹುದು. ಮೂರನ್ನೂ ಅದಲಿಬದಲಿ ಮಾಡಿ ಉಜ್ಜಿದ್ರ ಮೂರೂ ಸಪಾಟ ಆಗ್ಲೇಬೇಕು."

ಮಲ್ಲು ತಲೆ ಕೆರೆದುಕೊಂಡ. "ನಮ್ಮ ಮಶೀನ್ ಐದ್ ಮಿನಿಟ್ನ್ಯಾಗ ಪಾಲಿಶ್ ಮಾಡ್ತದ."

"ಪಾಲಿಶ್ ಬ್ಯಾರೆ, ಸಪಾಟ ಬ್ಯಾರೆ" ಅಂದೆ. ಮೈಕ್ರಾನ್ ಮಾಮಾ ಹೇಳಿದ್ದು. ಹೇಳುವಾಗ ಭಾಳ ಹೆಮ್ಮೆ ಅನಿಸಿತು.

ಸೆಪ್ಟೆಂಬರ್ 24, ಬುಧವಾರ

ಹನ್ನೊಂದು ದಿನ. ಕಾಲೇಜಿನಿಂದ ಬಂದು ಉಜ್ಜುವುದು, ಹೋಗುವ ಮುಂಚೆ ಉಜ್ಜುವುದು. ಕೈಗೆ ಬೊಬ್ಬೆ ಬಂದು, ಒಡೆದು, ಗಟ್ಟಿಯಾದವು. ಕಲಬುರಗಿ ಟ್ರೈನಿನಲ್ಲಿ ನಿಂತುಕೊಂಡೇ ನಿದ್ದೆ.

ಮೂರೂ ಕಲ್ಲು ಸಪಾಟ. ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ಗ್ರೂಪಿನಲ್ಲಿ ನೂರೈವತ್ತು ಲೈಕು.

ನಿನ್ನೆ ಮೂರು ಇದ್ದವು. ಇವತ್ತು ಒಂದು. ಒಂದನ್ನು ಎತ್ತುವಾಗ ನಾನೇ ಬೀಳಿಸಿದೆ, ಎರಡು ಹೋಳು. ಇನ್ನೊಂದನ್ನು ಅವ್ವ ನಾನು ಕಾಲೇಜಿನಲ್ಲಿದ್ದಾಗ ಬಚ್ಚಲಿನಲ್ಲಿ ಸಿಮೆಂಟ್ ಹಾಕಿ ಕೂಡಿಸಿಬಿಟ್ಟಿದ್ದಾಳೆ. "ಭಾಳ ಛಲೋ ಕಲ್ಲು. ಅರಬಿ ಒಗೀಲಿಕ್ಕೆ ನುಣ್ಣಗ ಅದ."

ಒಂದು ಸಾಕು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ.

ಸೆಪ್ಟೆಂಬರ್ 26, ಶುಕ್ರವಾರ. ಸಂಜೆ 6

ಬಣ್ಣದ ಸಮಸ್ಯೆ. ನೀಲಿ ಪೇಸ್ಟು ಬೇಕಂತೆ, ಪರದೇಶದ್ದು. ಶಹಾಬಾದ, ವಾಡಿ, ಕಲಬುರಗಿ — ಎಲ್ಲೂ ಇಲ್ಲ. ಒಬ್ಬ ಅಂಗಡಿಯವನು ಬಟ್ಟೆಗೆ ಹಾಕುವ ನೀಲಿ ಕೊಟ್ಟ.

ಚಾಚಾ ನಕ್ಕರು. "ನಾವ್ ಎಲ್ಲಿಂದ ತರ್ತಿದ್ವಿ ಪರದೇಶದ್ದು? ಸೇಂದುರ, ಎಣ್ಣಿ. ಮೂವತ್ತೊಂದ್ ವರ್ಷ ಅದನ್ನೇ ಹಚ್ಚೀವಿ. ನಿಮ್ಮಪ್ಪನ ಗುಡ್ಯಾಗ ಡಬ್ಬಿಗಟ್ಲೆ ಇರ್ತದಲ್ಲ."

ಹೌದಲ್ಲ! ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು, ಮುಂಜಾನೆ ಸಂಜೆ ನಮ್ಮ ಓಣಿಯ ಮಾರುತಿ ಗುಡಿಯ ಪೂಜೆಯೂ ಅವರದೇ. ಪ್ರತಿ ಶನಿವಾರ ಮಾರುತಿಗೆ ಎಣ್ಣೆ ಸೇಂದುರ ಹಚ್ಚುತ್ತಾರೆ. ಒಂದು ಬಟ್ಟಲು ಕೇಳಿದೆ. "ಯಾತಕ್ಕ?" ಅಂದರು. "ಪ್ರಯೋಗಕ್ಕ" ಅಂದೆ. ಕೊಟ್ಟರು.

ಅಂಗಳದಲ್ಲಿ ಕಲ್ಲಿಗೆ ಸವರಿದೆ. ಸುಂದರ. ಕೆಂಪಗೆ, ಎಣ್ಣೆ ಹೊಳೆಯುತ್ತಾ... ಉಜ್ಜುವಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಮಾಡೋಣ.

ಅಜ್ಜಿ ಬೈದಳು, "ದಾರ್ಯಾಗ ಮಲಗಸಬ್ಯಾಡ, ಯಾರರ ತುಳೀತಾರ. ಎಬ್ಬಿಸಿ ನಿಂದರಸು." ಗೇಟಿನ ಬಳಿಯ ಬೇವಿನಮರಕ್ಕೆ ಆನಿಸಿ ನಿಲ್ಲಿಸಿದೆ. ಅಲ್ಲಿ ಯಾರೂ ಮುಟ್ಟುವುದಿಲ್ಲ.

ಸೆಪ್ಟೆಂಬರ್ 27, ಶನಿವಾರ. ಬೆಳಿಗ್ಗೆ 7.30

ಯಾರೂ ಮುಟ್ಟುವುದಿಲ್ಲ ಅಂತ ಬರೆದಿದ್ದೆ.

ಎದ್ದು ಬಂದರೆ ಕಲ್ಲಿನ ಕೊರಳಿಗೆ ಎಕ್ಕೆಯ ಎಲೆಯ ಹಾರ. ಮುಂದೆ ಎರಡು ದೀಪ, ಊದಿನಕಡ್ಡಿಯ ಹೊಗೆ. ಒಡೆದ ತೆಂಗಿನಕಾಯಿ ಐದು. ಪಕ್ಕದ ಮನೆಯ ಮಹಾದೇವಮ್ಮ ಕೈ ಮುಗಿದು ನಿಂತಿದ್ದಾರೆ, ಕಣ್ಣಲ್ಲಿ ನೀರು.

ಬೇವಿನಮರ. ಪೂರ್ವಕ್ಕೆ ಮುಖ. ನಿಂತ ಕಲ್ಲು. ಮೈತುಂಬ ಸೇಂದುರ. ನವರಾತ್ರಿ. ಶನಿವಾರ. ಅರ್ಚಕರ ಮನೆ.

ಮೈಕ್ರಾನ್ ಮಾಮಾ, ಈ ಸಾಧ್ಯತೆಯ ಬಗ್ಗೆ ಥ್ರೆಡ್ಡಿನಲ್ಲಿ ಒಂದು ಸಾಲಾದರೂ ಬೇಡವಾ?

ಅದೇ ದಿನ, ಮಧ್ಯಾಹ್ನ

"ಅತ್ತೀ, ಅದು ದೇವರಲ್ರೀ. ಅಳತಿ ನೋಡೋ ಕಲ್ಲು. ಒಂದ್ ಥರಾ ಹತ್ಯಾರ."

ಮಹಾದೇವಮ್ಮ ಕರುಣೆಯಿಂದ ನೋಡಿದರು. "ಏ ತಂಗೀ, ಮಾರುತಿ ಕೈಯಾಗಿನ ಗದಾ ಸೈತ ಹತ್ಯಾರ ಅಲ್ಲೇನ?"

"ನೀವು ಲಿಂಗ ಕಟ್ಟೋರು..."

"ಖರೇ. ಆದ್ರ ನಮ್ಮ ಎಮ್ಮಿ ಕಳದು ಮೂರ್ ದಿನಾ ಆಗ್ಯದ. ಎಮ್ಮಿ ವಿಷಯದಾಗ ನಾ ಯಾವ್ ದೇವ್ರಿಗೂ ಇಲ್ಲ ಅನ್ನಂಗಿಲ್ಲ."

ಹರಕೆ ಹೊತ್ತುಕೊಂಡು ಹೋದರು. ಪರವಾಗಿಲ್ಲ. ಎಮ್ಮೆ ಬರುವುದಿಲ್ಲ, ನಂಬಿಕೆ ತಾನಾಗಿ ಇಳಿಯುತ್ತದೆ.

ಅದೇ ದಿನ, ಸಂಜೆ

ಎಮ್ಮೆ ಬಂತು.

ಸೆಪ್ಟೆಂಬರ್ 29, ಸೋಮವಾರ

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವ್ವನ ಮೂಲಕ ತಿಳಿದದ್ದು: ಶನಿವಾರ ಗುಡಿಯ ಮಾರುತಿಗೆ ಬಂದ ಕಾಯಿ ಮೂರು. ನನ್ನ ಕಲ್ಲಿಗೆ ಹನ್ನೊಂದು.

"ಪ್ರತಿಷ್ಠಾಪನಾ ಆಗಿಲ್ಲ. ಅದು ಬರೇ ಕಲ್ಲು" ಅಂತ ಅಪ್ಪ ಅಡುಗೆಮನೆಯಲ್ಲಿ ಹೇಳುವುದು ಕೇಳಿಸಿತು.

"ಮತ್ತ ಎತ್ತಿ ಒಳಗ ಇಡ್ರಿ" ಅಂದಳು ಅವ್ವ.

ಅಪ್ಪನ ದನಿ ಇಳಿಯಿತು. "ಇಷ್ಟ ಮಂದಿ ಕೈ ಮುಗದ ಮ್ಯಾಲ... ನಾ ಹ್ಯಾಂಗ ಎತ್ಲಿ?"

ನಾನಾದರೂ ಮುಟ್ಟಬಹುದಾ? ಕೈ ಚಾಚುವಷ್ಟರಲ್ಲಿ ಮಹಾದೇವಮ್ಮ ಗೋಡೆಯ ಆಚೆಯಿಂದ, "ತಂಗೀ! ಸ್ನಾನಾ ಆಗ್ಯದೇನ?"

ಹೊಸ ಕಲ್ಲು ಮಾಡಲು ಹನ್ನೊಂದು ದಿನ. ಕೆರೆಯಲು ಹತ್ತು. ಹಬ್ಬಕ್ಕೆ ಹತ್ತೊಂಬತ್ತೇ ಉಳಿದಿವೆ. ಬಚ್ಚಲಿನ ಕಲ್ಲನ್ನು ಕೀಳಲು ನೋಡಿದೆ. ಅವ್ವ ಸಿಮೆಂಟು ಭಾಳ ಪ್ರೀತಿಯಿಂದ ಹಾಕಿದ್ದಾಳೆ.

ಅಕ್ಟೋಬರ್ 2, ಗುರುವಾರ. ದಸರಾ

ಲೇತಿಗೆ ಪೂಜೆ ಮಾಡಿದೆ. ಓಣಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಕಲ್ಲಿನ ಮುಂದೆ.

ಲಾಲಪ್ಪ ಬನ್ನಿ ಕೊಡಲು ಬಂದ. "ಬಂಗಾರದಂಗ ಇರೂಣು" ಅಂತ ನನ್ನ ಕೈಗೆ ಎಲೆ ಕೊಟ್ಟ, ಕಣ್ಣು ಮಾತ್ರ ಲೇತಿನ ಮೇಲೆ. ತೂಕ ಹಾಕುವ ಕಣ್ಣು.

"ಹಬ್ಬದ ಮುಂಜಾನಿ ಟ್ರ್ಯಾಕ್ಟರ್ ತರ್ತೀನ್ರಿ ಆಚಾರ್ರ" ಅಂದ ಅಪ್ಪನಿಗೆ. ಹೋಗುವಾಗ ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದ. "ಇದನ್ನ ಮಾತ್ರ ನಾ ಒಯ್ಯಂಗಿಲ್ಲ ನೋಡ್ರಿ. ಮಶೀನ್ ಅಷ್ಟ."

ಅಕ್ಟೋಬರ್ 4, ಶನಿವಾರ. ದ್ವಾದಶಿ

ನಗಲಾರೆ ಇವತ್ತು.

ಅಪ್ಪ ಗುಡಿಗೆ ಹೋಗಿದ್ದರು, ಬರುವುದು ತಡ. ಅಜ್ಜಿ ಕಾಯಲಿಲ್ಲ. ತಾನೇ ಹಗ್ಗ ಇಳಿಸಿದಳು. ನಾನು ಓಡುವಷ್ಟರಲ್ಲಿ ಧಡ್ ಅಂತ ಸದ್ದು. ಹಗ್ಗ ಜಾರಿ, ತಾಮ್ರದ ಕೊಡ ಬಾವಿಯ ತಳಕ್ಕೆ. ಅವಳ ತವರಿನ ಕೊಡ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಅಂಗೈ ಕೆಂಪಗೆ ತರಚಿತ್ತು.

"ಬಜಾರಕ್ಕ ಕೊಟ್ಟು ಮಾಡಸ್ತೀನಿ ಅಜ್ಜಿ. ಇವತ್ತೇ. ಲೇತ್ ಹೋದ್ರ ಹೋಗ್ಲಿ."

"ಯಾಕ? ನಾ ಎರಡ ತಿಂಗಳ ಬಜಾರದ ಬುಶ್ಶಿಗೆ ಕಾದೀನೇನ?" ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಈಗ ಏನ ಅಡ್ಡಾಗ್ಯದ ಅದನ್ನ ಹೇಳು."

ಹೇಳಿದೆ. ಕಲ್ಲು ಮಲಗಿಸಿ ಅದರ ಮೇಲೆ ಸ್ಯಾಡಲ್ ಉಜ್ಜಬೇಕು. ಕಲ್ಲು ಈಗ ದೇವರು. ಅದನ್ನು ಒಳಗೆ ತರುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಮಲಗಿಸುವ ಹಾಗಿಲ್ಲ.

ಅಜ್ಜಿ ಅಪ್ಪ ಬರುವ ತನಕ ಕಾದಳು. ಬಂದೊಡನೆ, "ಗೋಪಾಲಾ, ಈಗ ಯಾವ ಕಾಲ?"

"ಚಾತುರ್ಮಾಸ, ಅವ್ವಾ."

"ಚಾತುರ್ಮಾಸದಾಗ ದೇವರು ಏನ ಮಾಡ್ತಾನ?"

"ಮಲಗತಾನ."

"ಮತ್ತ ಇದೊಂದ ದೇವರು ಯಾಕ ನಿಂತದ? ಮಲಗಸು."

ಅದು ವಿಷ್ಣುವಿಗೆ, ಮಾರುತಿಗಲ್ಲ ಅಂತ ಅಪ್ಪ ಹೇಳಲು ಹೊರಟಿದ್ದರು, ನನಗೆ ಗೊತ್ತು. ತರಚಿದ ಅಂಗೈ ಕಂಡಿತು. ಹೂಂ ಅಂದರು.

"ದೇವರು ಕೊಟ್ಟಿಗಿಗೆ ಬರಂಗಿಲ್ಲ ಅಂದ್ರ ಕುರ್ಚಿ ದೇವರ ಹಂತ್ಯಾಕ ಹೋಗಲಿ. ಮಡಿಲೇ ನೀ ಉಜ್ಜು. ಆಕಿ ಕೆರೀಲಿ. ಉಜ್ಜೋದು ಸೇವಾ ಅಲ್ಲೇನು?" ಅಂದಳು ಅಜ್ಜಿ.

ಅಕ್ಟೋಬರ್ 5, ರವಿವಾರ

ಬೆಳಿಗ್ಗೆ ಮಂತ್ರ ಹೇಳಿ ಅಪ್ಪ ಕಲ್ಲನ್ನು ಬೇವಿನ ಕಟ್ಟೆಯ ಮೇಲೆ ಮಲಗಿಸಿದರು. ಓಣಿಗೆಲ್ಲ ಕಡಲೆ ಪ್ರಸಾದ. ಮಹಾದೇವಮ್ಮ ತಲೆದಿಂಬು ತಂದಿದ್ದರು. ಬೇಡ ಅಂತ ಹೇಳುವಷ್ಟರಲ್ಲಿ ಸಾಕಾಯಿತು.

ಆಮೇಲೆ ಕೆಲಸ. ಅಪ್ಪ ಸ್ನಾನ ಮಾಡಿ, ಒದ್ದೆ ಧೋತರದಲ್ಲಿ, ಸ್ಯಾಡಲ್ ಎತ್ತಿ ಸೇಂದುರದ ಮೇಲೆ ಹಿಂದೆ ಮುಂದೆ ಉಜ್ಜಿದರು. ಮಣೆಯ ಮೇಲೆ ಇಟ್ಟರು. ನಾನು ಹಳೆಯ ಅರವನ್ನು ಸಾಣೆ ಹಿಡಿದು ಮಾಡಿದ ಕೆರೆಯುವ ಉಳಿಯಿಂದ ಕೆಂಪು ಹತ್ತಿದ ಜಾಗ ಕೆರೆದೆ. ನಾನು ಮುಟ್ಟಿದ್ದನ್ನು ಮತ್ತೆ ಮುಟ್ಟಿದರೆ ಅಪ್ಪನ ಮಡಿ ಹೋಯಿತು, ಮತ್ತೆ ಸ್ನಾನ.

ಆರು ಸುತ್ತು. ಆರು ಸ್ನಾನ. ಆರನೆಯದರ ಹೊತ್ತಿಗೆ ಅಪ್ಪನ ಹಲ್ಲು ಲೇತಿನ ಮೊದಲ ಕಟ್ಟಿನ ಹಾಗೆ ಕಟಕಟ.

ಅಜ್ಜಿ ತೀರ್ಪು ಕೊಟ್ಟಳು: "ಎಣ್ಣಿ ಹಚ್ಚಿದ ಕಬ್ಬಿಣಕ್ಕ ಮೈಲಿಗಿ ಇಲ್ಲ. ಸಾಕು, ನೆಗಡಿ ಆಗತದ."

ಯಾವ ಗ್ರಂಥದಲ್ಲಿದೆ ಅಂತ ಅಪ್ಪ ಕೇಳಲಿಲ್ಲ.

ಅಕ್ಟೋಬರ್ 8, ಬುಧವಾರ

ಚಾಚಾ ಕುರ್ಚಿ ಹಾಕಿಕೊಂಡು ಗೇಟಿನ ಬಳಿ ಕೂರುತ್ತಾರೆ. ಎಡ ಭುಜ ಏಳುವುದಿಲ್ಲ, ಕಣ್ಣು ಮಾತ್ರ ಹದ್ದಿನದು. ಇವತ್ತು ಅಪ್ಪನಿಗೂ ಚಾಚಾಗೂ ಜಗಳ.

"ಆಚಾರ್ರ, ಬಲಗಡೆ ಇನ್ನೂ ಉಬ್ಬ್ಯದ."

"ಎಲ್ಲಿ ಉಬ್ಬ್ಯದ? ಬಣ್ಣ ಎಲ್ಲಾ ಕಡೆ ಒಂದೇ ಸಮ ಹತ್ತ್ಯದ."

"ಅದು ನೀವು ಸೇಂದುರ ದಪ್ಪ ಹಚ್ಚೀರಿ. ದೇವ್ರಿಗಿ ಹಚ್ಚಿದಂಗ ಹಚ್ಚಬ್ಯಾಡ್ರಿ, ಮಶೀನಿಗಿ ಹಚ್ಚಿದಂಗ ಹಚ್ಚ್ರಿ."

"ನಲವತ್ತು ವರ್ಷ ಸೇಂದುರ ಹಚ್ಚೀನಿ, ನನಗ ಹೇಳ್ತೀರೇನ್ರಿ?"

"ನಾ ಮೂವತ್ತೊಂದ್ ವರ್ಷ ಕೆರದೀನಿ!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮೊಬೈಲ್ ತೆಗೆದೆ. ಗ್ರೂಪಿನಲ್ಲಿ ಕೇಳೋಣ ಅಂತ.

"ಅದನ್ನ ಒಳಗ ಇಡು!" ಇಬ್ಬರೂ ಒಟ್ಟಿಗೆ.

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದನ್ನು ಮರೆತರು. ನಾನು ನೆನಪಿಸಲಿಲ್ಲ.

ಅಕ್ಟೋಬರ್ 11, ಶನಿವಾರ

ಹೊಸ ಗಂಡಾಂತರ. ಅರ್ಚಕರು ಕಬ್ಬಿಣ ತಂದು ದೇವರಿಗೆ ಉಜ್ಜಿಸುತ್ತಾರೆ ಅಂತ ಸುದ್ದಿ. ಮಹಾದೇವಮ್ಮ ಕೆಟ್ಟುಹೋದ ಮಿಕ್ಸರ್ ತಂದರು. ಮೂಲೆ ಮನೆಯವರು ಹೊಲಿಗೆ ಮಷೀನಿನ ತಲೆ. ಒಬ್ಬ ಹುಡುಗ ಬೈಕ್ ನಿಲ್ಲಿಸಿ, ಇಡೀ ಬೈಕ್ ಉಜ್ಜಬಹುದಾ ಅಂತ ವಿಚಾರಿಸಿದ. ಮಿಕ್ಸರಿನ ಮೂಲೆಯಿಂದ ನನ್ನ ಕಲ್ಲಿಗೆ ಗೀರು ಬಿದ್ದರೆ ಕತೆ ಮುಗಿಯಿತು!

ಅಪ್ಪ ಕಟ್ಟೆಯ ಮೇಲೆ ನಿಂತು, ಶಾಲೆಯ ದನಿಯಲ್ಲಿ: "ಸ್ವಾಮಿ ಮಲಗ್ಯಾನ. ನಿದ್ದಿ ಕೆಡಸಬ್ಯಾಡ್ರಿ. ಎಲ್ಲಾರೂ ಗುಡಿಗೆ ನಡೀರಿ!"

ನಡೆದರು. ಗುಡಿಯ ಮಾರುತಿಗೆ ಇವತ್ತು ಇಪ್ಪತ್ತೇಳು ಕಾಯಿ, ಒಂದು ಮಿಕ್ಸರ್.

ಅಕ್ಟೋಬರ್ 12, ರವಿವಾರ

ಕೆರೆದೆ. ಬರೆಯಲು ಕೈ ಏಳುತ್ತಿಲ್ಲ.

ಮೈಕ್ರಾನ್ ಮಾಮಾಗೆ ಪರ್ಸನಲ್ ಆಗಿ ಕೇಳಿದೆ: ನಿಮ್ಮ ಲೇತಿನಲ್ಲಿ ಮಾಡಿದ ಒಂದು ಬುಶ್ ಫೋಟೋ ಕಳಿಸಿ, ಧೈರ್ಯ ಬರುತ್ತದೆ.

ಭಾಳ ಹೊತ್ತಿನ ಮೇಲೆ ಉತ್ತರ. 'ಇನ್ನೂ ಚಾಲೂ ಮಾಡಿಲ್ಲ. ಲೆವೆಲ್ ನಡೆಯುತ್ತಿದೆ. ನಾಲ್ಕು ವರ್ಷ ಆಯಿತು.'

ನೋಡುತ್ತಾ ಕೂತೆ. ಚಾಚಾ ಮೊದಲ ದಿನ ಲೇತಿನ ಮೇಲೆ ಇಟ್ಟ ಆ ಚಹಾ ಗ್ಲಾಸ್ ಅಂಚಿನ ತನಕ ತುಂಬಿತ್ತು. ಚೆಲ್ಲಿರಲಿಲ್ಲ.

ಅಕ್ಟೋಬರ್ 15, ಬುಧವಾರ. ಸಂಜೆ 5

ತಳದ ತುಂಬ ಕೆಂಪು ಚುಕ್ಕೆ. ಅಪ್ಪ ಎಣಿಸಿದರು. ಚಾಚಾ ಮತ್ತೆ ಎಣಿಸಿದರು. ಲೆಕ್ಕ ಬೇರೆ ಬೇರೆ ಬಂತು, ಆದರೂ ಇಬ್ಬರೂ ಒಪ್ಪಿದರು.

ಸ್ಯಾಡಲ್ ಬೆಡ್ ಮೇಲೆ ಕೂಡಿಸಿದೆ. ಚಾಚಾ ಮೂಲೆ ಒತ್ತಿದರು. ಟಕ್ ಇಲ್ಲ. ಸುಮ್ಮನೆ. ಇನ್ನೊಂದು ಮೂಲೆ. ಸುಮ್ಮನೆ. ಅಪ್ಪನೂ ಒತ್ತಿ ನೋಡಿದರು, ಒತ್ತಿ ನನ್ನ ಮುಖ ನೋಡಿದರು.

ನಾಲ್ಕು ಗಂಟೆಯ ಬ್ಲಾಸ್ಟ್ ಯಾವಾಗ ಆಯಿತೋ ಯಾರಿಗೂ ಕೇಳಿಸಿರಲಿಲ್ಲ.

ಅಕ್ಟೋಬರ್ 16, ಗುರುವಾರ

ಕಾಲೇಜಿಗೆ ಚಕ್ಕರ್.

ಚಾಚಾ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದು ತೆಗೆದರು. ಗನ್‌ಮೆಟಲ್‌ನ ದುಂಡು ತುಂಡು, ಹಿತ್ತಾಳೆಗಿಂತ ಕೆಂಪಗೆ.

"ಫ್ಯಾಕ್ಟರಿ ಬಂದ್ ಆದ ದಿನಾ ನನ್ನ ಮಶೀನ್ ಮ್ಯಾಲಿದ್ದ ಕೊನೀ ತುಂಡು. ಸಾಹೇಬ್ರಿಗಿ ಕೇಳಿ ಇಟ್ಕೊಂಡಿದ್ದೆ."

"ಚಾಚಾ, ಇದನ್ನ ನಾ ಕೆಡಿಸಿಬಿಟ್ರ?"

"ಪೆಟ್ಟಿಗ್ಯಾಗ ಇಟ್ಟು ಇಟ್ಟು ನಾ ಕೆಡಸೀನಲ್ಲ. ಹಚ್ಚು."

ಚಕ್ಕಿಗೆ ಹಚ್ಚಿದೆ. ಟೂಲ್ ಮುಟ್ಟಿಸಿದೆ. ಗಡಗಡ ಇಲ್ಲ. ಶ್ಶ್ಶ್ — ಅಷ್ಟೇ. ಬಂಗಾರದ ಪುಡಿಯ ಹಾಗೆ ಉದುರಿತು. ಚಾಚಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಮ್ಮೆ ಬಲಗೈ ಗಾಳಿಯಲ್ಲೇ ಹ್ಯಾಂಡಲ್ ತಿರುಗಿಸಿತು, ಅವರಿಗೇ ಗೊತ್ತಿಲ್ಲದೆ.

ಎರಡೂವರೆ ಗಂಟೆ. ಬಜಾರಿನವನಿಗೆ ಅರ್ಧ ಗಂಟೆ. ಇರಲಿ.

ಅಕ್ಟೋಬರ್ 17, ಶುಕ್ರವಾರ. ಏಕಾದಶಿ

ಬಿಗಿ ಹಿಡಿಯುವ ವೈಸಿನಲ್ಲಿ ಇಟ್ಟು ಬುಶ್ಶನ್ನು ರಾಟೆಯೊಳಗೆ ಕೂಡಿಸಿದೆವು. ಒಂದೇ ಸಲಕ್ಕೆ ಹೋಯಿತು. ಸಂಜೆ ಮಲ್ಲು ಬಂದು, ಪಾತಾಳಗರಡಿ ಇಳಿಸಿ ಅಜ್ಜಿಯ ಕೊಡವನ್ನೂ ಎತ್ತಿಕೊಟ್ಟ. ಒಂದು ಕಡೆ ನೆಗ್ಗಿದೆ, ಸೋರುವುದಿಲ್ಲ. ಅಪ್ಪ ಏಣಿ ಹತ್ತಿ ರಾಟೆ ತೂಗುಹಾಕಿದರು. "ತಿರಗಸಿ ನೋಡಲೇನ?" ಅಂದೆ.

"ಬ್ಯಾಡ" ಅಂದಳು ಅಜ್ಜಿ. ಒಣಗಿದ ಗಂಟಲು. "ನಾಳೆ ನಾ ತಿರಗಸ್ತೀನಿ."

ಅಕ್ಟೋಬರ್ 18, ಶನಿವಾರ. ಬೆಳಿಗ್ಗೆ 8

ಐದೂವರೆಗೆ ಎಲ್ಲರೂ ಹಿತ್ತಲಿನಲ್ಲಿ. ಅಜ್ಜಿ ಒದ್ದೆ ಸೀರೆಯಲ್ಲಿ ಬಂದಳು. ಹಗ್ಗ ಹಾಕಿದಳು. ಕೊಡ ಇಳಿಯಿತು. ಎಳೆದಳು. ಒಂದು ಕೈ, ಇನ್ನೊಂದು ಕೈ. ಕೊಡ ತಾನಾಗಿ ಹತ್ತಿ ಬಂದ ಹಾಗೆ ಮೇಲೆ ಬಂತು. ಒಂದು ಚೂರೂ ಸದ್ದಿಲ್ಲ.

ಎರಡನೆಯ ಕೊಡವನ್ನೂ ಸೇದಿದಳು. ಯಾರ ಕಡೆಯೂ ನೋಡದೆ ಒಳಗೆ ಹೋದಳು. ಅಪ್ಪ ಕಂಬಕ್ಕೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದರು. ನೆಗಡಿ ಅಂತೆ.

ಅಷ್ಟರಲ್ಲಿ ಮಹಾದೇವಮ್ಮ ಓಡಿ ಬಂದರು, ಜಡೆ ಬಿಚ್ಚಿಕೊಂಡು. "ಅಜ್ಜಿ ಹ್ಯಾಂಗಿದ್ದಾರ? ಆರಾಮ ಅದಾರೇನು?"

"ಯಾಕ್ರೀ? ಆರಾಮ ಇದ್ದಾಳ. ನೀರು ಸೇದಿದಳು."

"ಸೇದಿದ್ರಾ? ರಾಟಿ ಹಾಕ್ಯಾರಂತ ನಿನ್ನಿ ಕೇಳಿದ್ದೆ. ಸಪ್ಪಳಾನೇ ಬರಲಿಲ್ಲ! ಮೊದಲೆಲ್ಲಾ ದಿನಾ ರಾಟಿ ಕೀಂಯ್ ಅಂದ್ರ ನಿಮ್ಮಜ್ಜಿ ಸುಮಿತ್ರಾಬಾಯಿ ಎದ್ದಾರ ಅಂತ ನಾ ಏಳತಿದ್ದೆ. ಇವತ್ತ ಏನರ ಆಗ್ಯದ ಅಂತ ಎದಿ ಧಸಕ್ಕಂತು."

ಏಳಕ್ಕೆ ಲಾಲಪ್ಪನ ಟ್ರ್ಯಾಕ್ಟರ್. ಅಪ್ಪ ಅವನನ್ನು ಬಾವಿಯ ತನಕ ಕರೆದುಕೊಂಡು ಹೋಗಿ ರಾಟೆ ತಿರುಗಿಸಿ ತೋರಿಸಿದರು. "ನಮ್ಮ ಮಶೀನಿಂದು" ಅಂದರು. ನಮ್ಮ! ಲಾಲಪ್ಪ ರಾಟೆಯನ್ನು ಇನ್ನೆರಡು ಸಲ ತಾನೇ ತಿರುಗಿಸಿದ. ಹೋಗುವಾಗ ಟ್ರಾಲಿಯ ಸವೆದ ಬುಶ್ ಒಂದನ್ನು ಬಿಚ್ಚಿ ನನ್ನ ಮುಂದೆ ಇಟ್ಟು ಹೋದ.

ಅದೇ ದಿನ, ಸಂಜೆ 5

ಮನೆಯಲ್ಲಿ ನೀರು ತುಂಬುವ ಗಡಿಬಿಡಿ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಾಯಿತು.

ಅಜ್ಜಿ ಮುಖ ಮಾತ್ರ ಸರಿಯಿಲ್ಲ. ಕೇಳಿದೆ.

"ಭಾಳ ಛಲೋ ಆಗ್ಯದ ಪ್ರಮೀ. ಹಗುರ ಅದ." ಸ್ವಲ್ಪ ತಡೆದು, "ಆದ್ರ ಸಪ್ಪಳ ಇಲ್ಲ. ನಾ ಎದ್ದೀನಿ ಅಂತ ಓಣ್ಯಾಗ ಯಾರಿಗೆ ತಿಳೀಬೇಕು?"

ಚಾಚಾಗೆ ಫೋನ್ ಮಾಡಿದೆ: ಸದ್ದು ಬರುವ ಬುಶ್ ಮಾಡುವುದು ಹೇಗೆ? "ಮೂವತ್ತೊಂದ್ ವರ್ಷದಾಗ ಯಾವ ಸಾಹೇಬನೂ ಇದನ್ನ ಕೇಳಿಲ್ಲ" ಅಂದರು.

ಗ್ರೂಪಿನಲ್ಲಿ ಹಾಕಿದೆ. ಮೈಕ್ರಾನ್ ಮಾಮಾ ಹನ್ನೆರಡು ನಿಮಿಷದಿಂದ ಟೈಪಿಂಗ್... ಟೈಪಿಂಗ್...

ತಡಿ. ಹಿತ್ತಲಿನಿಂದ ಕೀಂಯ್ ಅಂತ ಸದ್ದು ಬರುತ್ತಿದೆ. ಬುಶ್ ಹೋಯಿತಾ? ಒಂದೇ ದಿನಕ್ಕೆ?! ಕಿಟಕಿಯಿಂದ ನೋಡಿದೆ. ರಾಟೆ ಬೆಣ್ಣೆಯಂತೆ ತಿರುಗುತ್ತಿದೆ. ಹಗ್ಗ ಎಳೆಯುತ್ತಾ, ಓಣಿಯ ಕಡೆ ಮುಖ ಮಾಡಿ, ಅಜ್ಜಿಯೇ ಬಾಯಲ್ಲಿ ಕೀಂಯ್— ಕೀಂಯ್— ಅನ್ನುತ್ತಿದ್ದಾಳೆ.